ಎತ್ತರದಿಂದ ಬಂದವರ ಮೈಗುಣ: ಮುಂಡಗೋಡದಲ್ಲಿ ಕೇಳಿಬರುವ ತಪ್ಪು ಮಾತುಗಳು

ತಪ್ಪು ಕಲ್ಪನೆ: ಟಿಬೆಟನ್ನರ ಮೈಯಲ್ಲಿ ರಕ್ತ ಹೆಚ್ಚು, ಅದಕ್ಕೇ ಬೆಟ್ಟದಲ್ಲಿ ದಣಿಯುವುದಿಲ್ಲ.

ವಾಸ್ತವ: ಇರುವುದು ಇದಕ್ಕೆ ತದ್ವಿರುದ್ಧ. ನಮ್ಮಂಥ ಬಯಲಿನವರು ಲಡಾಖಿನ ಎತ್ತರದ ಲೇಹ್‌ಗೆ ಹೋಗಿ ಕೆಲವು ವಾರ ಉಳಿದರೆ ಮೂತ್ರಪಿಂಡಗಳಿಂದ ಎರಿಥ್ರೊಪೊಯೆಟಿನ್ ಹಾರ್ಮೋನು ಹೆಚ್ಚು ಸ್ರವಿಸಿ ಕೆಂಪು ರಕ್ತಕಣಗಳು ಏರುತ್ತವೆ. ಅದು ಅತಿಯಾದರೆ ರಕ್ತ ಮಂದವಾಗಿ ಹೃದಯಕ್ಕೆ ಹೊರೆ. ಆಂಡೀಸ್ ಪರ್ವತವಾಸಿಗಳಲ್ಲಿ ಹಿಮೋಗ್ಲೋಬಿನ್ ಹೀಗೆಯೇ ಏರಿರುತ್ತದೆ. ಟಿಬೆಟನ್ನರಲ್ಲಿ 4,000 ಮೀಟರ್ ಎತ್ತರದಲ್ಲೂ ಅದು ಬಹುಮಟ್ಟಿಗೆ ಸಮುದ್ರಮಟ್ಟದವರಷ್ಟೇ! ಅವರು ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ನೈಟ್ರಿಕ್ ಆಕ್ಸೈಡ್ ಹೆಚ್ಚಿರುವುದರಿಂದ ರಕ್ತನಾಳಗಳು ಹಿಗ್ಗಿ ಹರಿವು ಸಲೀಸಾಗುತ್ತದೆ. ರಕ್ತಕಣಗಳ ಏರಿಕೆಗೆ ಕಡಿವಾಣ ಹಾಕುವ ಇಪಿಎಎಸ್-1 ವಂಶವಾಹಿಯ ವಿಶಿಷ್ಟ ರೂಪ 2010ರಲ್ಲಿ ಬೆಳಕಿಗೆ ಬಂತು. ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಕುಲದಿಂದ ಬಂದ ಬಳುವಳಿ ಎಂದು 2014ರ ಸಂಶೋಧನೆ ತೋರಿಸಿತು. ನನಗಂತೂ ಇದು ಮಾನವ ದೇಹದ ಚರಿತ್ರೆಯಲ್ಲೇ ಅತ್ಯಂತ ಸೋಜಿಗದ ಅಧ್ಯಾಯ.

ತಪ್ಪು ಕಲ್ಪನೆ: ಇಲ್ಲೇ ಹುಟ್ಟಿದ ಟಿಬೆಟನ್ನರು ಆ ಗುಣವನ್ನು ಕಳೆದುಕೊಂಡಿದ್ದಾರೆ.

ವಾಸ್ತವ: ಮುಂಡಗೋಡದಲ್ಲಿ ಟಿಬೆಟನ್ನರ ಡೋಗುಲಿಂಗ್ ವಸಾಹತು ಶುರುವಾದದ್ದು 1966ರಲ್ಲಿ. ಎರಡು ಮೂರು ತಲೆಮಾರಿಗೆ ವಂಶವಾಹಿ ಅಳಿಸಿಹೋಗುವುದಿಲ್ಲ. ಆದರೆ ಎತ್ತರದಲ್ಲಿದ್ದು ಮೈ ರೂಢಿಸಿಕೊಂಡದ್ದು ಬೇರೆ. ಕೆಳಗಿಳಿದ ಕೆಲವೇ ವಾರಗಳಲ್ಲಿ ಅದು ಕರಗುತ್ತದೆ. ಆದ್ದರಿಂದ ಮುಂಡಗೋಡದ ಯುವಕನೂ ಲಡಾಖಿಗೆ ಹೋದಾಗ ನಿಧಾನವಾಗಿಯೇ ಏರಬೇಕು.

ತಪ್ಪು ಕಲ್ಪನೆ: ಆಫ್ರಿಕಾ ಮೂಲದ ಸಿದ್ದಿಗಳಿಗೆ ಓಟ ಹುಟ್ಟಿನಿಂದಲೇ ಬಂದದ್ದು.

ವಾಸ್ತವ: ಹುಟ್ಟುಗುಣದ ಮಾತು ಟಿಬೆಟನ್ನರಿಗಷ್ಟೇ ಸೀಮಿತವಲ್ಲ. ನೆರೆಯ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಮಕ್ಕಳನ್ನು 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇದೇ ನಂಬಿಕೆಯಿಂದ ಆರಿಸಿಕೊಂಡಿತು. ಪದಕಗಳೂ ಬಂದವು. ಅವು ಆ ಮಕ್ಕಳು ಬೆವರು ಸುರಿಸಿ ಗಳಿಸಿದವು. ಓಟದ ವೇಗವನ್ನು ನಿರ್ಧರಿಸುವ ಒಂದೇ ವಂಶವಾಹಿ ಎಂಬುದಿಲ್ಲ. ತರಬೇತಿ, ಊಟ, ಮೈದಾನಗಳನ್ನು ಬಿಟ್ಟು ಬರೀ ಮೂಲವನ್ನು ಹೊಗಳುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ತಪ್ಪು ಕಲ್ಪನೆ: ಚಳಿ ನಾಡಿನವರಿಗೆ ಸೆಕೆ ಎಂದೂ ಒಗ್ಗದು.

ವಾಸ್ತವ: ದಿನವೂ ಒಂದಷ್ಟು ಹೊತ್ತು ಬಿಸಿಲಲ್ಲಿ ದುಡಿದರೆ ಸುಮಾರು 10ರಿಂದ 14 ದಿನಗಳಲ್ಲಿ ಯಾರ ಮೈಯಾದರೂ ಬದಲಾಗುತ್ತದೆ. ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಒಸರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಗೋವಿನಜೋಳದ ಹೊಲದಲ್ಲಿ ದುಡಿದ ವಸಾಹತಿನ ಹಿರಿಯರ ಮೈ ಇದನ್ನು ಕಲಿತಿತ್ತು. ಟಿಬೆಟನ್ ಹೊಸ ವರ್ಷವಾದ ಲೋಸರ್ ಹಬ್ಬಕ್ಕೆ ಧರ್ಮಶಾಲೆಯಿಂದ ಬರುವ ನೆಂಟರಿಗೆ ಮಾತ್ರ ಮೊದಲ ವಾರ ಮಧ್ಯಾಹ್ನದ ಫುಟ್‌ಬಾಲ್ ಬೇಡ. ಬೆಳಿಗ್ಗೆ ಆಡಲಿ, ನೀರು ಕುಡಿಯಲಿ.