ಹೊಳೆ ಆಚೆ ಬಿಟ್ಟರೆ ಋಣ ತೀರೀತೆ?
ಮಂಡಿಪೇಟೆ ಮನೆಯೊಂದರಲ್ಲಿ ಬೆಕ್ಕಿನ ಪಂಚಾಯ್ತಿ

ದಾವಣಗೆರೆ: ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಬೆಕ್ಕು ಮಲಗಿರುವುದು ಹೊಸ ಸಂಗತಿಯಲ್ಲ. ಅಕ್ಕಿ, ಬೇಳೆ ಚೀಲ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಸಂಬಳ ಇಲ್ಲ, ಬೋನಸ್ ಇಲ್ಲ, ವಾರದ ರಜೆ ಮೊದಲೇ ಇಲ್ಲ. ಒಂದು ಬಟ್ಟಲು ಹಾಲು ಇಟ್ಟರೆ ರಾತ್ರಿ ಪಾಳಿ ಪೂರಾ ಅದರದೇ. ಆದರೆ ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಯಿತೆನ್ನಿ, ಮೊದಲು ಕೆಲಸ ಕಳೆದುಕೊಳ್ಳುವ ನೌಕರನೂ ಇದೇ!

ಇಲ್ಲಿನ ಕಿರಾಣಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಆದದ್ದೂ ಹಾಗೇ. ಕೆಳಗೆ ಅಂಗಡಿ, ಮೇಲೆ ಮನೆ. ಆರು ವರ್ಷದಿಂದ ಇರುವ ಹೆಣ್ಣು ಬೆಕ್ಕು. ಈಗ ಸೊಸೆಗೆ ಮೂರು ತಿಂಗಳು. 'ಬಸುರಿ ಇರೋ ಮನ್ಯಾಗೆ ಬೆಕ್ಕು ಬ್ಯಾಡ, ಅದರ ಕೂದ್ಲು ಹೊಟ್ಟೆಗೆ ಹೋದ್ರೆ ಕೂಸಿಗೆ ಅಪಾಯ' ಎಂದು ಬೀಗರು ತಕರಾರು ತೆಗೆದರು. 'ಗೋಣಿಚೀಲದಾಗೆ ಹಾಕ್ಕೊಂಡು ಹರಿಹರದ ಬಸ್ ಹತ್ತು, ಹೊಳೆ ದಾಟಿ ಬಿಟ್ಟು ಬಾ' ಎಂದು ಯಜಮಾನರು ಅಂಗಡಿ ಹುಡುಗನಿಗೆ ಹೇಳಿಯೇಬಿಟ್ಟರು. ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಜಿಲ್ಲೆಯೇ ಬದಲಾದ ಮೇಲೆ ಬೆಕ್ಕು ತಿರುಗಿ ಬಂದೀತೆ ಎಂಬ ಲೆಕ್ಕ. ಚೀಲ, ಹುರಿ ಎರಡೂ ತಯಾರಾದವು.

ಅಡ್ಡ ಬಂದವರು ಯಜಮಾನರ ತಾಯಿ. 'ಇಲಿ ಹಿಡಿವಾಗ ಬೇಕಾಗಿತ್ತು, ಈಗ ಬ್ಯಾಡಾತೇನೋ? ಅದನ್ನ ಹಾಕೋ ಚೀಲದಾಗೆ ನನ್ನೂ ಹಾಕು' ಎಂದು ಅಜ್ಜಿ ಬಾಗಿಲಲ್ಲೇ ಕೂತರು. 'ಅವ್ವಾ, ನಿನಗೆ ಮರಿಮೊಮ್ಮಗ ಹೆಚ್ಚೋ, ಬೆಕ್ಕು ಹೆಚ್ಚೋ?' ಎಂದು ಮಗ ಕೇಳಿದಾಗ ಅಜ್ಜಿಯ ಬಾಯಿ ಕಟ್ಟಿತು. ಕೊನೆಗೆ ಬಾಯಿ ಬಿಟ್ಟವಳು ಸೊಸೆ: 'ಮಾವ, ಮೊದ್ಲು ಡಾಕ್ಟರಮ್ಮನ್ನ ಕೇಳಾಣ ತಡೀರಿ.'

ಕೂದಲಲ್ಲ, ಕಸ!

ಕೇಳಿ ಬಂದದ್ದೇ ಒಳ್ಳೆಯದಾಯಿತು. ಅಪಾಯ ಇರುವುದು ಕೂದಲಿನಲ್ಲಲ್ಲ, ಬೆಕ್ಕಿನ ಮಲದಲ್ಲಿ. ಅದರಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿ ಇರಬಹುದು. ಗರ್ಭಿಣಿಗೆ ಅದು ಹೊಸದಾಗಿ ತಗುಲಿದರೆ ಕೂಸಿಗೆ ತೊಂದರೆ ಆಗಬಹುದು. ಇಲಿ ತಿನ್ನುವ ಬೆಕ್ಕಿಗೆ ಇದು ಅಂಟುವ ಸಂಭವ ಉಂಟೆಂಬುದೂ ನಿಜ. ಆದರೆ ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಹಿತ್ತಲ ಮಣ್ಣು ಇವುಗಳಿಂದಲೂ ಅದು ಬರುತ್ತದೆ. ಬೆಕ್ಕನ್ನು ಓಡಿಸಿ, ಸೊಪ್ಪು ತೊಳೆಯದೆ ತಿಂದರೆ ಏನು ಬಂತು?

ಇನ್ನೊಂದು ಮಾತು. ಮಲ ಬಿದ್ದು ಕನಿಷ್ಠ ಒಂದು ದಿನವಾದರೂ ಆಗದೆ ಆ ಜೀವಿಗೆ ಸೋಂಕು ತಗುಲಿಸುವ ಶಕ್ತಿ ಬರುವುದಿಲ್ಲ. ಆದ್ದರಿಂದ ದಿನಾ ತಪ್ಪದೆ ತೆಗೆದು ಹಾಕಬೇಕು. ಆ ಕೆಲಸವನ್ನು ಬಸುರಿ ಮಾಡಕೂಡದು, ಬೇರೆಯವರು ಮಾಡಬೇಕು. ಸೊಸೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಪಂಚಾಯ್ತಿ ತೀರ್ಮಾನವಾಯಿತು. ಬೆಕ್ಕಿಗೆ ಅಂಗಡಿ, ಗೋದಾಮು ಮಾತ್ರ. ಮೆಟ್ಟಿಲ ಬಾಗಿಲು ಬಂದ್. ದಿನಾ ಬೆಳಿಗ್ಗೆ ಕಸ ತೆಗೆಯುವ ಸರದಿ? 'ಚೀಲ ತಂದವನೇ ತೆಗೀಲಿ' ಎಂದರು ಅಜ್ಜಿ. ಈಗ ಯಜಮಾನರೇ ತೆಗೆಯುತ್ತಿದ್ದಾರೆ!

ಕೊಡಲೇಬೇಕಾದರೆ?

ಎಲ್ಲರಿಗೂ ಇದು ಸಾಧ್ಯವಾಗದು. ಮನೆ ಮಾಲೀಕರ ಕಿರಿಕಿರಿ, ದೂರದ ಊರಿಗೆ ವರ್ಗ, ಮಕ್ಕಳಿಗೆ ದಮ್ಮು ಇದ್ದವರು ಕೊಡಬೇಕಾಗಿ ಬರುತ್ತದೆ. ಕೊಡುವುದು ತಪ್ಪಲ್ಲ, ಬಿಸಾಡುವುದು ತಪ್ಪು. ತೆಗೆದುಕೊಳ್ಳುವವರ ಮನೆಗೆ ಒಮ್ಮೆ ಹೋಗಿ ನೋಡಿ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ ಚೀಟಿ ಸಮೇತ ಕೊಡಿ. ಹೆಣ್ಣು ಬೆಕ್ಕಿಗೆ ಮರಿಯಾಗದಂತೆ ಶಸ್ತ್ರಕ್ರಿಯೆ ಮಾಡಿಸಿದ್ದರೆ ಒಳ್ಳೆಯದು. ಇಲ್ಲವಾದರೆ ಕಟ್ಟಿದ ಎರಡೇ ತಿಂಗಳಿಗೆ ಮರಿ ಹಾಕುತ್ತದೆ. ಒಂದು ಬೆಕ್ಕಿಗೆ ಮನೆ ಹುಡುಕುವವರು ಐದಕ್ಕೆ ಹುಡುಕಬೇಕಾದೀತು. ಅದು ಮಲಗುವ ಹಳೇ ಚಾಪೆಯನ್ನೂ ಜೊತೆಗೆ ಕಳಿಸಿ. ಹೊಸ ಮನೆಯವರು ಎರಡು ಮೂರು ವಾರ ಹೊರಗೆ ಬಿಡಬಾರದು. ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಲಾರಿಗೋ ನಾಯಿಗೋ ಸಿಗುತ್ತದೆ.

ಹೊಳೆ ಆಚೆ ಬಿಟ್ಟು ಬರುವವರು ಕಾನೂನನ್ನೂ ತಿಳಿದಿರಲಿ. ಸಾಕಿದ ಪ್ರಾಣಿ ಹಸಿವು ನೀರಡಿಕೆಯಿಂದ ನರಳುವಂತೆ ವಿನಾ ಕಾರಣ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. ಒಂದು ಬೆಣ್ಣೆದೋಸೆ ದುಡ್ಡಷ್ಟೇ ಎಂದು ನಗುವವರೂ ಇದ್ದಾರು.

ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಒಪ್ಪಿಸಬೇಕು ಎಂದು ಹಿರಿಯರು ಹೇಳುವುದುಂಟು. ಅದಕ್ಕೆ ಹೆದರಿ ಯಾರೂ ಕೊಲ್ಲುವುದಿಲ್ಲ, ಚೀಲದಲ್ಲಿ ಕಟ್ಟಿ ಬಿಟ್ಟು ಬರುತ್ತಾರೆ. ಊರು ಗೊತ್ತಿಲ್ಲದೆ, ಅನ್ನ ಸಿಗದೆ ಅದು ಅಲ್ಲಿ ಸತ್ತರೆ ಪಾಪ ಮಾತ್ರ ತಮ್ಮದಲ್ಲ ಎಂದುಕೊಂಡರೆ, ಕಣ್ಣು ಮುಚ್ಚಿ ಹಾಲು ಕುಡಿದದ್ದು ಬೆಕ್ಕಲ್ಲ, ಸಾಕಿದವರು!