ನಾರ್ವೇಜಿಯನ್ ಸಮಾಸಪದ: ಒತ್ತು ಎಲ್ಲಿಗೆ, ಒಡೆಯುವುದು ಎಲ್ಲಿ?

ಪದಕ್ಕೆ ಪದ ಬೆಸೆದು ಉದ್ದುದ್ದ ಸಮಾಸ ಕಟ್ಟುವುದು ನಾರ್ವೇಜಿಯನ್ ಭಾಷೆಗೆ ಸಲೀಸು. ಅದನ್ನು ಹೊಸದಾಗಿ ಕಲಿಯುವವರು ಎಡವುವುದೂ ಹೆಚ್ಚಾಗಿ ಅಲ್ಲೇ.

ತಪ್ಪು ಕಲ್ಪನೆ 1: ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ.

ಸತ್ಯ: ಮುಖ್ಯ ಒತ್ತು ಪೂರ್ವಪದಕ್ಕೆ, ಆ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಅಲ್ಲಿಗೇ. ‘ಸೀಕೆಹೂಸ್’ (ಆಸ್ಪತ್ರೆ) ಎನ್ನುವಾಗ ಅದು ‘ಸೀ’ ಮೇಲೆ ಬೀಳುತ್ತದೆ, ನಿಜ. ಆದರೆ ‘ಬನಾನ್‌ಕಾಕೆ’ (ಬಾಳೆಹಣ್ಣಿನ ಕೇಕ್) ಎನ್ನುವಾಗ ‘ನಾನ್’ ಮೇಲೆ. ಉತ್ತರಪದದ ಒತ್ತು ಅಳಿಯುವುದಿಲ್ಲ, ತಗ್ಗುತ್ತದೆ ಅಷ್ಟೆ. ಊರಿನ ಹೆಸರುಗಳಲ್ಲಿ ಅಪವಾದಗಳುಂಟು: ಕ್ರಿಸ್ಟಿಯಾನ್‌ಸಂಡ್ ಎಂಬಲ್ಲಿ ಒತ್ತು ಕೊನೆಗೆ.

ತಪ್ಪು ಕಲ್ಪನೆ 2: ಬಿಡಿಸಿ ಬರೆದರೂ ಅರ್ಥ ಅದೇ.

ಸತ್ಯ: ಒಂದೇ ಮುಖ್ಯ ಒತ್ತಿನಲ್ಲಿ ಹೇಳುವ ಸಮಾಸವನ್ನು ಕೂಡಿಸಿಯೇ ಬರೆಯಬೇಕು. ‘ಸ್ಟೂರ್‌ಬ್ಯೂ’ ಎಂದರೆ ಮಹಾನಗರ. ‘ಸ್ಟೂರ್ ಬ್ಯೂ’ ಎಂದು ಎರಡಕ್ಕೂ ಒತ್ತು ಕೊಟ್ಟರೆ ಬರೀ ದೊಡ್ಡ ಊರು. ‘ಲಮ್ಮೆಲೋರ್’ ಎಂದರೆ ಕುರಿಮರಿಯ ತೊಡೆಮಾಂಸ. ಮಾಂಸದಂಗಡಿಯವನು ನಡುವೆ ಜಾಗ ಬಿಟ್ಟು ಬರೆದರೆ ಅದು ಲಕ್ವ ಹೊಡೆದ ತೊಡೆಗಳಾಗುತ್ತದೆ! ‘ರೊಯ್ಕ್‌ಫ್ರಿತ್’ (ಹೊಗೆಮುಕ್ತ) ಎಂಬ ಫಲಕವನ್ನು ಬಿಡಿಸಿ ಬರೆದರೆ ‘ಧಾರಾಳವಾಗಿ ಸಿಗರೇಟು ಸೇದಿ’ ಎಂದಾಗುತ್ತದೆ.

ತಪ್ಪು ಕಲ್ಪನೆ 3: ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಬೇಕಾದರೂ ಒಡೆಯಬಹುದು.

ಸತ್ಯ: ಸಮಾಸವನ್ನು ಒಡೆಯಬೇಕಾದ್ದು ಬೆಸುಗೆಯಲ್ಲಿ. ‘ಸ್ಟಾಟ್ಸ್‌ರೋಡ್’ (ಮಂತ್ರಿ) ಒಡೆದಾಗ ‘ಸ್ಟಾಟ್ಸ್-ರೋಡ್’. ನಡುವೆ ಆಗಮವಾಗಿ ಬಂದ ‘ಸ್’ ಪೂರ್ವಪದದ ಜತೆಗೇ ಉಳಿಯುತ್ತದೆ. ‘ಬುಸ್‌ಸ್ಟೊಪ್’ (ಬಸ್ ನಿಲ್ದಾಣ) ಇನ್ನೂ ಸ್ವಾರಸ್ಯಕರ. ಪೂರ್ವಪದದ ಕೊನೆಗೆ ಎರಡು ‘ಎಸ್’, ಉತ್ತರಪದದ ಮೊದಲಿಗೆ ಒಂದು. ಕೂಡಿಸಿದಾಗ ಒಂದು ಲೋಪವಾಗಿ ಎರಡೇ ಉಳಿಯುತ್ತವೆ. ಸಾಲಿನ ಕೊನೆಯಲ್ಲಿ ಒಡೆದರೆ ಲೋಪವಾದದ್ದು ಮರಳಿ ಮೂರೂ ಕಾಣಿಸಿಕೊಳ್ಳುತ್ತವೆ.

ತಪ್ಪು ಕಲ್ಪನೆ 4: ದನಿ ಏರಿದ ಕಡೆ ಒತ್ತು.

ಸತ್ಯ: ಒತ್ತು ಬೇರೆ, ಸ್ವರದ ಏರಿಳಿತ ಬೇರೆ. ಓಸ್ಲೋ ಸುತ್ತಿನ ಮಾತಿನಲ್ಲಿ ಎರಡು ಬಗೆಯ ಏರಿಳಿತಗಳಿವೆ. ಒಂದರಲ್ಲಿ ಒತ್ತು ಬಿದ್ದ ಅಕ್ಷರದ ಸ್ವರ ತಗ್ಗಿನಲ್ಲಿದ್ದು ಆಮೇಲೆ ಏರುತ್ತದೆ. ಇನ್ನೊಂದರಲ್ಲಿ ಇಳಿದು ಏರುತ್ತದೆ. ಹೆಚ್ಚಿನ ಸಮಾಸಗಳು ಎರಡನೆಯ ಬಗೆಯವು, ಎಲ್ಲವೂ ಅಲ್ಲ. ಎರಡರಲ್ಲೂ ಕೊನೆಗೆ ದನಿ ಏರುವುದರಿಂದ ಕಲಿಯುವವರ ಕಿವಿ ಮೋಸಹೋಗಿ ಒತ್ತನ್ನು ಅಲ್ಲಿಗೆ ಒಯ್ಯುತ್ತದೆ. ಕೆಲವು ಉಪಭಾಷೆಗಳಲ್ಲಿ ಈ ಎರಡು ಬಗೆಯ ಭೇದವೇ ಇಲ್ಲ. ಒತ್ತಿನ ವ್ಯತ್ಯಾಸ ಮಾತ್ರ ಅಲ್ಲೂ ಇದೆ.

ಹಾಗಾಗಿ ಹೊಸ ಸಮಾಸ ಕಂಡರೆ ಮೊದಲು ಬೆಸುಗೆ ಹುಡುಕಿ, ಪೂರ್ವಪದವನ್ನು ಒಂಟಿಯಾಗಿ ಹೇಳಿ ನೋಡಿ, ಅಲ್ಲಿನ ಒತ್ತನ್ನು ಕದಲಿಸದೆ ಉಳಿದದ್ದನ್ನು ಸೇರಿಸಿ.