ವಿಮರ್ಶೆ ಮರೆತ ಸಮ್ಮತಿ

1992ರಲ್ಲಿ ತೆರೆಕಂಡ, ಪಾಲ್ ವರ್ಹೋವೆನ್ ನಿರ್ದೇಶನದ ‘ಬೇಸಿಕ್ ಇನ್‌ಸ್ಟಿಂಕ್ಟ್’ ಚಿತ್ರದಲ್ಲಿ ಮೈಕೆಲ್ ಡಗ್ಲಾಸ್ ಪತ್ತೇದಾರ. ಶರಾನ್ ಸ್ಟೋನ್ ಕೊಲೆಯ ಸಂಶಯಕ್ಕೆ ಗುರಿಯಾದ ಕಾದಂಬರಿಕಾರ್ತಿ. ಕಾಮವನ್ನೂ ಭಯವನ್ನೂ ಒಟ್ಟಿಗೆ ಹೆಣೆದ ಈ ಚಿತ್ರದ ಬಗ್ಗೆ ವಿಮರ್ಶಕರು ಎರಡು ಪಂಗಡವಾದರು. ಕೆಲವರು ಹಿಚ್‌ಕಾಕ್ ಮಾದರಿಯ ಬಿಗಿಯನ್ನೂ ಸ್ಟೋನ್ ಅವರ ಅಭಿನಯವನ್ನೂ ಮೆಚ್ಚಿದರು. ಕೆಲವರು ಕಥೆ ಪೊಳ್ಳೆಂದು ಹಳಿದರು. ಸಲಿಂಗಾಸಕ್ತ ಸ್ತ್ರೀಯರನ್ನು ಕೊಲೆಗಡುಕರಂತೆ ತೋರಿಸಲಾಗಿದೆಯೆಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚಿತ್ರೀಕರಣದ ವೇಳೆಯೇ ಪ್ರತಿಭಟನೆ ನಡೆದಿತ್ತು.

ಪೊಲೀಸ್ ವಿಚಾರಣೆಯ ಪ್ರಸಿದ್ಧ ದೃಶ್ಯದ ಬಗೆಗಿನ ಇನ್ನೊಂದು ಪ್ರಶ್ನೆ ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಏನೂ ಕಾಣದೆಂಬ ಭರವಸೆಯ ಮೇಲೆ ತನ್ನಿಂದ ಒಳ ಉಡುಪು ತೆಗೆಸಲಾಯಿತೆಂದು ಸ್ಟೋನ್ 2021ರ ಆತ್ಮಕಥನದಲ್ಲಿ ಬರೆದರು. ಪಾತ್ರಕ್ಕೆ ಒಪ್ಪುವುದೆಂದು ಕೊನೆಗೆ ಆ ದೃಶ್ಯವನ್ನು ಉಳಿಯಗೊಟ್ಟೆನೆಂದೂ ಹೇಳಿದರು. ಆಕೆಗೆ ಎಲ್ಲವೂ ತಿಳಿದಿತ್ತೆಂಬುದು ವರ್ಹೋವೆನ್ ವಾದ.

ಇವರಲ್ಲಿ ಯಾರ ಮಾತು ನಿಜವೆಂದು ದೂರದ ನಾವು ತೀರ್ಪು ಕೊಡಲಾಗದು. ಆದರೂ ವಕೀಲನಾದ ನನಗೆ ನಮ್ಮ 1872ರ ಕರಾರು ಕಾಯಿದೆಯ 13ನೆಯ ಕಲಮು ನೆನಪಾಗುತ್ತದೆ: ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಉಡುಪು ತೆಗೆಯಲು ಒಪ್ಪುವುದು ಬೇರೆ, ಜಗತ್ತಿಗೆ ಕಾಣಿಸಿಕೊಳ್ಳಲು ಒಪ್ಪುವುದು ಬೇರೆ. ತೆರೆಯ ಮೇಲಿನ ಶ್ಲೀಲಾಶ್ಲೀಲವನ್ನು ತೂಗುವ ವಿಮರ್ಶೆ, ತೆರೆಯ ಹಿಂದಿನ ಈ ಅಂತರವನ್ನೂ ತೂಗಬೇಕು.